ಟೊಳ್ಳು ಯಾವುದು, ಗಟ್ಟಿ ಯಾವುದು? ಮನೆಮಾತನ್ನು ರಂಗಕ್ಕೇರಿಸಿದ ಟಿ. ಪಿ. ಕೈಲಾಸಂ

ಹೊಸೂರಿನ ಮಗ್ಗುಲಲ್ಲಿರುವ ಅವಲಪಲ್ಲಿಯಂತಹ ಊರುಗಳಲ್ಲಿ ಬೆಳೆಯುವ ಮಗುವಿನ ಕಿವಿಗೆ ದಿನವೊಂದಕ್ಕೆ ನಾಲ್ಕು ಭಾಷೆಗಳು ಬೀಳುತ್ತವೆ. ಮನೆಯೊಳಗೆ ಕನ್ನಡ, ನೆರೆಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ತಮಿಳು, ಅಂಗಡಿಯ ಹಲಗೆಯ ಮೇಲೆ ಇಂಗ್ಲಿಷು. ಕನ್ನಡ ಶಾಲೆಗೆ ಹೋಗುವ ಮಗುವಿಗಾದರೋ ಇದರ ಮೇಲೆ ಐದನೆಯದೊಂದು ಭಾಷೆಯೂ ಎದುರಾಗುತ್ತದೆ. ಅದು ಪಠ್ಯಪುಸ್ತಕದ ಕನ್ನಡ. ಮನೆಯಲ್ಲಿ ಅಜ್ಜಿ ಆಡುವ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಇರುವ ಅಂತರವನ್ನು ಮಗು ಬೇಗನೆ ಗುರುತಿಸುತ್ತದೆ. ಅಷ್ಟೇ ಬೇಗನೆ ಅಜ್ಜಿಯ ಕನ್ನಡವನ್ನು ನಾಲ್ಕು ಜನರ ಮುಂದೆ ಆಡಬಾರದೆಂಬ ನಾಚಿಕೆಯನ್ನೂ ಕಲಿಯುತ್ತದೆ. ಶಾಲೆಯ ವಾರ್ಷಿಕೋತ್ಸವದ ವೇದಿಕೆಯ ಮೇಲೆ ಆ ಮಗುವಿಗೆ ದೊರೆಯುವುದು ರಾಜನ ಕಿರೀಟ ಮತ್ತು ಬಾಯಿಪಾಠ ಮಾಡಿದ ಉದ್ದುದ್ದನೆಯ ಮಾತು.

ಮನೆಯಲ್ಲಿ ಆಡುವ ಮಾತೇ ವೇದಿಕೆಯ ಮಾತೂ ಆಗಬಲ್ಲದೆಂಬುದನ್ನು ನೂರು ವರ್ಷಗಳ ಹಿಂದೆಯೇ ಒಬ್ಬರು ಬೆಂಗಳೂರಿನಲ್ಲಿ ತೋರಿಸಿಕೊಟ್ಟರು. ಅವರು ನಾಟಕಗಳನ್ನು ರಚಿಸಿದರು, ಸ್ವತಃ ಅಭಿನಯಿಸಿದರು, ಹಾಡು ಕಟ್ಟಿದರು. ಅವರ ಮನೆಮಾತು ತಮಿಳು, ಓದಿದ್ದು ಇಂಗ್ಲಿಷಿನಲ್ಲಿ, ಕೀರ್ತಿ ಗಳಿಸಿದ್ದು ಕನ್ನಡದಲ್ಲಿ. ಅವರೇ ತ್ಯಾಗರಾಜ ಪರಮಶಿವ ಕೈಲಾಸಂ. ಎರಡು ರಾಜ್ಯಗಳ ನಡುವೆ, ಹಲವು ಭಾಷೆಗಳ ನಡುವೆ ಮಕ್ಕಳನ್ನು ಬೆಳೆಸುತ್ತಿರುವ ಕುಟುಂಬಗಳಿಗೆ ಅವರ ರಂಗಜೀವನದಿಂದ ತಿಳಿದುಕೊಳ್ಳಬೇಕಾದದ್ದು ಬಹಳವಿದೆ.

ಕಲ್ಲುಗಳ ಓದು, ರಂಗದ ಒಲವು

ಕೈಲಾಸಂ ಹುಟ್ಟಿದ್ದು 1884ರ ಜುಲೈ 29ರಂದು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು, ವಿದ್ವಾಂಸರು. ಚಿಕ್ಕಂದಿನಲ್ಲಿ ಸಂಸ್ಥಾನದ ಊರುಗಳಲ್ಲಿ ಓದಿದ ಕೈಲಾಸಂ ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ ಭೂವಿಜ್ಞಾನವನ್ನು ವ್ಯಾಸಂಗ ಮಾಡಿದರು. ಅಲ್ಲಿ ತೋರಿದ ಪ್ರತಿಭೆಗೆ ವಿದ್ಯಾರ್ಥಿವೇತನ ದೊರೆಯಿತು. ಹೆಚ್ಚಿನ ಓದಿಗಾಗಿ ಲಂಡನ್ನಿಗೆ ತೆರಳಿದರು. ಸುಮಾರು 1908ರಿಂದ 1915ರವರೆಗೆ ಅವರು ಇಂಗ್ಲೆಂಡಿನಲ್ಲಿದ್ದರು.

ಅವರು ವಾಸವಾಗಿದ್ದ ಮದರಾಸು ಮತ್ತು ಲಂಡನ್ ಎರಡೂ ಆ ಕಾಲಕ್ಕೆ ನಾಟಕದ ನಗರಗಳಾಗಿದ್ದವು. ಮದರಾಸಿನಲ್ಲಿ ಪಮ್ಮಲ್ ಸಂಬಂಧ ಮುದಲಿಯಾರರು 1891ರಲ್ಲಿ ಸ್ಥಾಪಿಸಿದ ಸುಗುಣ ವಿಲಾಸ ಸಭೆಯು ವಕೀಲರು, ಅಧಿಕಾರಿಗಳು ಮುಂತಾದ ವಿದ್ಯಾವಂತರನ್ನು ರಂಗಕ್ಕೆ ಕರೆತಂದಿತ್ತು. ಆ ಸಭೆಗೆ ಪ್ರೇರಣೆಯಾದದ್ದು ಬಳ್ಳಾರಿಯಿಂದ ಮದರಾಸಿಗೆ ಬಂದು ತೆಲುಗು ನಾಟಕಗಳನ್ನಾಡಿದ ಒಂದು ತಂಡ. ಧರ್ಮವರಂ ಕೃಷ್ಣಮಾಚಾರ್ಯರು ನಡೆಸುತ್ತಿದ್ದ ಆ ಸರಸವಿನೋದಿನಿ ಸಭೆಯ ನಾಟಕವನ್ನು ನೋಡಿದ ಮೇಲೆಯೇ ಸಂಬಂಧ ಮುದಲಿಯಾರರು ತಮಿಳಿನಲ್ಲಿ ಬರೆಯತೊಡಗಿದರು. ಕನ್ನಡ ನಾಡಿನ ಊರೊಂದರಿಂದ ಹೊರಟ ತೆಲುಗು ನಾಟಕವು ತಮಿಳು ರಂಗಭೂಮಿಗೆ ಹೊಸ ದಾರಿ ತೋರಿತು. ದಕ್ಷಿಣದ ರಂಗಭೂಮಿಯಲ್ಲಿ ಭಾಷೆಗಳು ಒಂದನ್ನೊಂದು ಹೀಗೆ ಪೋಷಿಸಿಕೊಂಡು ಬಂದಿವೆ.

ಲಂಡನ್ನಿನಲ್ಲಿ ಆಗ ಬರ್ನಾರ್ಡ್ ಷಾ ಅವರ ಕಾಲ. ಅರಮನೆ, ಯುದ್ಧಗಳ ಬದಲಿಗೆ ಸಾಮಾನ್ಯ ಮನೆಯ ನಡುಮನೆಯೇ ರಂಗವಾಗತೊಡಗಿತ್ತು. ಷಾ ಅವರ ‘ಪಿಗ್ಮೇಲಿಯನ್’ ನಾಟಕವು ಲಂಡನ್ನಿನಲ್ಲಿ ಪ್ರಥಮ ಪ್ರಯೋಗ ಕಂಡದ್ದು 1914ರ ಏಪ್ರಿಲಿನಲ್ಲಿ, ಕೈಲಾಸಂ ಇನ್ನೂ ಇಂಗ್ಲೆಂಡಿನಲ್ಲಿದ್ದಾಗ. ಬೀದಿಯಲ್ಲಿ ಹೂ ಮಾರುವ ಹುಡುಗಿಯ ಮಾತಿನ ಧಾಟಿಯನ್ನು ತಿದ್ದಿದರೆ ಸಮಾಜವು ಅವಳನ್ನು ನೋಡುವ ಕಣ್ಣೇ ಬದಲಾಗುತ್ತದೆಂಬುದು ಅದರ ವಸ್ತು. ಆಡುವ ಮಾತಿನ ಬಗೆಯಿಂದಲೇ ಮನುಷ್ಯನ ಬೆಲೆ ಕಟ್ಟುವ ಜನರ ಅಭ್ಯಾಸವನ್ನು ಆ ನಾಟಕ ನಗೆಯಾಡುತ್ತಲೇ ಬಯಲಿಗೆಳೆಯಿತು. ಅಂಥ ವಾತಾವರಣದಲ್ಲಿ ಹಲವು ವರ್ಷ ಉಸಿರಾಡಿದ ಕೈಲಾಸಂ ಭೂವಿಜ್ಞಾನದ ಪದವಿಯೊಂದಿಗೆ ರಂಗದ ಗೀಳನ್ನೂ ಹೊತ್ತು ಹಿಂದಿರುಗಿದರು. ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಕೆಲವು ಕಾಲ ಕೆಲಸ ಮಾಡಿ, ಅದನ್ನು ಬಿಟ್ಟು ನಾಟಕಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

ಆ ಕಾಲದ ರಂಗಭೂಮಿ

ಕೈಲಾಸಂ ಹಿಂದಿರುಗಿದಾಗ ಕನ್ನಡದ ವೃತ್ತಿ ರಂಗಭೂಮಿ ವೈಭವದಲ್ಲಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ಊರೂರುಗಳಲ್ಲಿ ಡೇರೆ ಹಾಕುತ್ತಿತ್ತು. ಎ. ವಿ. ವರದಾಚಾರ್ಯರ ಕಂಠಶ್ರೀಗೆ ಜನ ಮರುಳಾಗಿದ್ದರು. ಬಣ್ಣದ ಪರದೆ, ಜರಿಯ ಉಡುಪು, ಹಾರ್ಮೋನಿಯಂ, ರಾತ್ರಿಯೆಲ್ಲ ನಡೆಯುವ ಪುರಾಣದ ಕಥೆ ಎಲ್ಲವೂ ಅಲ್ಲಿದ್ದವು. ಪಾತ್ರಧಾರಿಗಳು ಮಾತಿಗಿಂತ ಹಾಡಿನಿಂದ ಜನರನ್ನು ಗೆಲ್ಲುತ್ತಿದ್ದರು. ಒಂದು ಹಾಡು ಮೆಚ್ಚುಗೆಯಾದರೆ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿ ಮತ್ತೆ ಹಾಡಿಸುತ್ತಿದ್ದರು. ಸ್ತ್ರೀಪಾತ್ರಗಳನ್ನು ಬಹುಮಟ್ಟಿಗೆ ಪುರುಷರೇ ವಹಿಸುತ್ತಿದ್ದರು. ಸಂಭಾಷಣೆಯ ಕನ್ನಡ ಸಂಸ್ಕೃತಭೂಯಿಷ್ಠವಾಗಿರುತ್ತಿತ್ತು.

ಆ ರಂಗಭೂಮಿ ಜನರಿಗೆ ಪುರಾಣವನ್ನೂ ಸಂಗೀತವನ್ನೂ ನೀಡಿತು. ಅದರ ಉಪಕಾರ ದೊಡ್ಡದು. ಆದರೆ ನೋಡಲು ಬಂದ ಗುಮಾಸ್ತನ ಮನೆಯ ಸಾಲ, ಮಗಳ ಮದುವೆಯ ಚಿಂತೆ, ಮಗನ ಪರೀಕ್ಷೆ ಇವು ಅಲ್ಲಿ ಕಾಣುತ್ತಿರಲಿಲ್ಲ. ಕೈಲಾಸಂಗಿಂತ ಮೊದಲೇ ಅಂಥ ಪ್ರಯತ್ನ ನಡೆದಿತ್ತೆಂಬುದನ್ನೂ ಮರೆಯಲಾಗದು. ಉತ್ತರ ಕನ್ನಡದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ 1887ರಲ್ಲೇ ಪ್ರಕಟವಾಗಿತ್ತು. ಹಣಕ್ಕಾಗಿ ಹೆಣ್ಣುಮಕ್ಕಳನ್ನು ಮುದುಕರಿಗೆ ಮದುವೆ ಮಾಡಿಕೊಡುವ ಪದ್ಧತಿಯನ್ನು ಅದು ಆಡುಮಾತಿನಲ್ಲಿಯೇ ವಿಡಂಬಿಸಿತ್ತು. ಆದರೆ ಆ ದಾರಿಯಲ್ಲಿ ಹೆಚ್ಚು ಜನ ನಡೆಯಲಿಲ್ಲ. ಅದನ್ನು ಹೆದ್ದಾರಿಯಾಗಿಸಿದವರು ಕೈಲಾಸಂ.

ಅವರಿಗೆ ನೆಲೆ ನೀಡಿದ್ದು ಹವ್ಯಾಸಿ ರಂಗಭೂಮಿ. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಎಂಬ ಸಂಸ್ಥೆಯಲ್ಲಿ ವಿದ್ಯಾವಂತರು ಬಿಡುವಿನ ವೇಳೆಯಲ್ಲಿ ನಾಟಕವಾಡುತ್ತಿದ್ದರು. ಟಿಕೆಟ್ಟಿನ ಹಣದಿಂದ ಹೊಟ್ಟೆ ಹೊರೆಯಬೇಕಾದ ಒತ್ತಡ ಅವರಿಗಿರಲಿಲ್ಲ. ಆದುದರಿಂದ ಜನ ಕೇಳಿದ್ದನ್ನೇ ಕೊಡಬೇಕೆಂಬ ಬಲವಂತವಿಲ್ಲದೆ ಹೊಸದನ್ನು ಪ್ರಯೋಗಿಸಿ ನೋಡಲು ಅಲ್ಲಿ ಅವಕಾಶವಿತ್ತು.

‘ಟೊಳ್ಳುಗಟ್ಟಿ’ ಎಬ್ಬಿಸಿದ ಪ್ರಶ್ನೆ

1919ರ ಜನವರಿಯಲ್ಲಿ ಕವಿ ರವೀಂದ್ರನಾಥ ಠಾಕೂರರು ಬೆಂಗಳೂರಿಗೆ ಬಂದರು. ಆ ಸಂದರ್ಭಕ್ಕಾಗಿ ಏರ್ಪಟ್ಟ ನಾಟಕ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಕೃತಿ ಕೈಲಾಸಂ ಅವರ ‘ಟೊಳ್ಳುಗಟ್ಟಿ’. 1918ರಲ್ಲಿ ರೂಪುಗೊಂಡ ಈ ನಾಟಕದಿಂದಲೇ ಅವರ ರಂಗಜೀವನದ ಮುಖ್ಯ ಅಧ್ಯಾಯ ಆರಂಭವಾಗುತ್ತದೆ. ಹೊಸಗನ್ನಡ ನಾಟಕದ ಇತಿಹಾಸವನ್ನು ಬರೆಯುವವರು ಇಲ್ಲಿ ಒಂದು ಗೆರೆ ಎಳೆದು ಮುಂದುವರಿಯುತ್ತಾರೆ.

ಕಥೆ ಸರಳವಾದದ್ದು. ಒಂದು ಮಧ್ಯಮ ವರ್ಗದ ಮನೆ, ಹಿರಿಯಣ್ಣಯ್ಯ ಎಂಬ ಯಜಮಾನ, ಇಬ್ಬರು ಗಂಡುಮಕ್ಕಳು. ಪುಟ್ಟು ಪುಸ್ತಕದ ಹುಳು, ಪರೀಕ್ಷೆಯಲ್ಲಿ ಮುಂದು. ಮಾಧುವಿಗೆ ಪರೀಕ್ಷೆ ಒಲಿಯದು; ಆದರೆ ಕಾಯಿಲೆಯ ತಾಯಿಯ ಬಳಿ ಕೂರುವವನು ಅವನೇ, ಮನೆಗೆಲಸಕ್ಕೆ ಹೆಗಲು ಕೊಡುವವನು ಅವನೇ, ಕಷ್ಟದಲ್ಲಿರುವವರ ಬಳಿಗೆ ಓಡುವವನೂ ಅವನೇ. ತಂದೆಯ ಕಣ್ಣಿಗೆ ಮಾತ್ರ ಪುಟ್ಟುವೇ ಚಿನ್ನ, ಮಾಧು ದಂಡ. ಮನೆಗೆ ಕಷ್ಟ ಬಂದಾಗ, ಅಪಾಯದ ಗಳಿಗೆ ಎದುರಾದಾಗ, ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ತಾನಾಗಿ ಬಯಲಾಗುತ್ತದೆ. ತನ್ನ ಜೀವದ ಹಂಗು ತೊರೆದು ಮತ್ತೊಬ್ಬರಿಗೆ ನೆರವಾಗುವ ಮಗನನ್ನು ತಂದೆ ಇಷ್ಟು ದಿನ ಗುರುತಿಸಿರಲಿಲ್ಲವೆಂಬುದೇ ನಾಟಕದ ನೋವು.

ನೂರು ವರ್ಷ ಕಳೆದರೂ ಆ ಮನೆ ಹಳತಾಗಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ದಿನ ಎಷ್ಟೋ ಮನೆಗಳ ನಡುಮನೆಯಲ್ಲಿ ಹಿರಿಯಣ್ಣಯ್ಯ ಕುಳಿತಿರುತ್ತಾನೆ. ಇಂಗ್ಲಿಷ್ ಶಾಲೆಗೆ ಹೋಗುವ ನೆಂಟರ ಮಗನನ್ನೂ ಕನ್ನಡ ಶಾಲೆಗೆ ಹೋಗುವ ತನ್ನ ಮಗಳನ್ನೂ ಪಕ್ಕಪಕ್ಕ ನಿಲ್ಲಿಸಿ ತೂಗುವ ತಂದೆಯೂ ಅವನೇ. ಕೈಲಾಸಂ ಓದನ್ನು ಹೀಗಳೆಯಲಿಲ್ಲ. ಅವರೇ ಮೊದಲ ಸಾಲಿನ ವಿದ್ಯಾರ್ಥಿ, ವಿದ್ಯಾರ್ಥಿವೇತನ ಪಡೆದು ಸಮುದ್ರ ದಾಟಿದವರು. ಅಂಥವರು ಅಂಕವೇ ಅಳತೆಗೋಲಾಗಬಾರದೆಂದು ಹೇಳಿದ್ದರಿಂದ ಆ ಮಾತಿಗೆ ತೂಕ ಬಂದಿತು. ಪರೀಕ್ಷೆಯಲ್ಲಿ ಸೋತವರ ಹೊಟ್ಟೆಯುರಿಯೆಂದು ಅದನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ.

‘ಪೋಲಿ ಕಿಟ್ಟಿ’ಯಲ್ಲಿ ಅವರು ಇದೇ ವಿಚಾರವನ್ನು ಇನ್ನೊಂದು ದಿಕ್ಕಿನಿಂದ ನೋಡಿದರು. ಊರೆಲ್ಲ ಪೋಲಿಯೆಂದು ಹೆಸರಿಟ್ಟ ಹುಡುಗನಲ್ಲಿ, ಹೆಸರಿಟ್ಟವರಲ್ಲಿ ಇಲ್ಲದ ಸಜ್ಜನಿಕೆಯಿರುವುದನ್ನು ಆ ನಾಟಕ ಕಾಣಿಸುತ್ತದೆ. ಮಗುವಿಗೆ ದೊಡ್ಡವರು ಅಂಟಿಸುವ ಒಂದು ಹೆಸರು ಎಷ್ಟು ಕಾಲ ಬೆನ್ನಿಗಿರುತ್ತದೆಂಬುದನ್ನು ಅರಿತ ಶಿಕ್ಷಕರಿಗೆ ಈ ನಾಟಕದ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಹೆಸರುಗಳಲ್ಲೇ ಇರುವ ಪಾಠ

ಕೈಲಾಸಂ ಮಾಡಿದ ಬದಲಾವಣೆಯನ್ನು ತಿಳಿಯಲು ಅವರ ನಾಟಕಗಳ ಹೆಸರುಗಳನ್ನು ಗಟ್ಟಿಯಾಗಿ ಓದಿದರೆ ಸಾಕು. ‘ಬಂಡವಾಳವಿಲ್ಲದ ಬಡಾಯಿ’ ಎನ್ನಲಿಲ್ಲ, ‘ಬಂಡ್ವಾಳ್ವಿಲ್ಲದ್ ಬಡಾಯಿ’ ಎಂದರು. ‘ನಮ್ಮ ಕಂಪನಿ’ ಎನ್ನಲಿಲ್ಲ, ‘ನಂ ಕಂಪ್ನಿ’ ಎಂದರು. ‘ತಾಳಿ ಕಟ್ಟುವುದಕ್ಕೆ ಕೂಲಿಯೇ’ ಎಂಬ ಪುಸ್ತಕದ ವಾಕ್ಯ ‘ತಾಳಿ ಕಟ್ಟೋಕ್ಕೂಲೀನೇ’ ಆಯಿತು. ನಾಲಿಗೆ ಎಲ್ಲಿ ಸ್ವರವನ್ನು ನುಂಗುತ್ತದೆಯೋ ಅಲ್ಲಿ ಬರಹವೂ ನುಂಗಿತು. ಎರಡು ಪದಗಳು ಬಾಯಲ್ಲಿ ಎಲ್ಲಿ ಕೂಡಿಕೊಳ್ಳುತ್ತವೆಯೋ ಅಲ್ಲಿ ಅಕ್ಷರಗಳೂ ಕೂಡಿಕೊಂಡವು. ಕನ್ನಡದ ಮಕ್ಕಳು ವ್ಯಾಕರಣ ಪುಸ್ತಕದಲ್ಲಿ ಲೋಪಸಂಧಿ ಎಂದು ಕಲಿಯುವುದು ಮನೆಮಾತಿನಲ್ಲಿ ಪ್ರತಿಕ್ಷಣ ನಡೆಯುತ್ತಲೇ ಇರುತ್ತದೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

ಆ ಹೆಸರುಗಳ ಹಿಂದೆ ಗಂಭೀರವಾದ ವಸ್ತುಗಳಿದ್ದವು. ಮದುವೆಯ ಮಂಟಪದಲ್ಲಿ ಗಂಡಿನವರು ಹಣಕ್ಕೆ ಕೈಚಾಚುವುದನ್ನು ‘ತಾಳಿ ಕಟ್ಟೋಕ್ಕೂಲೀನೇ’ ಚುಚ್ಚಿತು. ಕೈಯಲ್ಲಿ ಕಾಸಿಲ್ಲದೆ ಮಾತಿನಲ್ಲೇ ಅರಮನೆ ಕಟ್ಟುವ ವಕೀಲ ಅಹೋಬ್ಲುವನ್ನು ‘ಬಂಡ್ವಾಳ್ವಿಲ್ಲದ್ ಬಡಾಯಿ’ ಬಯಲಿಗೆಳೆಯಿತು. ‘ನಂ ಕಂಪ್ನಿ’ ವೃತ್ತಿ ನಾಟಕ ಕಂಪನಿಗಳ ರೀತಿನೀತಿಗಳನ್ನೇ ಹಾಸ್ಯಕ್ಕೆ ಗುರಿಮಾಡಿತು. ‘ಹೋಂ ರೂಲು’ ಎಂಬ ಹೆಸರಿನಲ್ಲಿ ಅಂದಿನ ರಾಜಕೀಯ ಘೋಷಣೆಯೊಂದು ಮನೆಯೊಳಕ್ಕೆ ಬಂದಿತು. ದೇಶಕ್ಕೆ ಸ್ವಯಮಾಡಳಿತ ಬೇಕೆಂದು ಹೊರಗೆ ಕೂಗುವ ಗಂಡಸರ ಮನೆಯಲ್ಲಿ ಆಡಳಿತ ಯಾರದೆಂಬ ಪ್ರಶ್ನೆ ಆ ಶ್ಲೇಷೆಯೊಳಗಿದೆ. ‘ಬಹಿಷ್ಕಾರ’ದಲ್ಲಿ ನಗೆ ಹಿಂದೆ ಸರಿಯುತ್ತದೆ. ಜಾತಿಯ ಕಟ್ಟಳೆಗೆ ಸಿಲುಕಿದ ಕುಟುಂಬವೊಂದರ ದುರಂತ ಅಲ್ಲಿ ಮುಂದೆ ಬರುತ್ತದೆ. ‘ಪ್ರಹಸನ ಪ್ರಪಿತಾಮಹ’ ಎಂಬ ಬಿರುದು ಅವರಿಗೆ ಸಂದಿದೆಯಾದರೂ ನಗಿಸುವುದಷ್ಟೇ ಅವರ ಗುರಿಯಾಗಿರಲಿಲ್ಲ.

ಅವರ ಪಾತ್ರಗಳ ಮಾತಿನಲ್ಲಿ ಇಂಗ್ಲಿಷ್ ಪದಗಳು ಧಾರಾಳವಾಗಿ ಬರುತ್ತವೆ. ಕನ್ನಡವನ್ನು ಕಲಬೆರಕೆ ಮಾಡಿದರೆಂಬ ಆಕ್ಷೇಪವೂ ಹಾಗಾಗಿ ಬಂದಿತು. ಆದರೆ ಅಂದಿನ ಬೆಂಗಳೂರು, ಮೈಸೂರುಗಳ ಓದಿದ ಮನೆಗಳಲ್ಲಿ ಜನ ಆಡುತ್ತಿದ್ದುದೇ ಹಾಗೆ. ಯಾವ ಪಾತ್ರ ಯಾವಾಗ ಇಂಗ್ಲಿಷಿಗೆ ಜಾರುತ್ತದೆಂಬುದನ್ನು ಗಮನಿಸಿದರೆ ಕೈಲಾಸಂ ಅವರ ನೋಟ ತಿಳಿಯುತ್ತದೆ: ದೊಡ್ಡಸ್ತಿಕೆ ತೋರಬೇಕಾದಾಗ ಇಂಗ್ಲಿಷು, ನೋವು ಬಂದಾಗ ಕನ್ನಡ. ಭಾಷೆಯ ಬೆರಕೆಯನ್ನು ಅವರು ಕಂಡಂತೆ ಚಿತ್ರಿಸಿ, ಅದರೊಳಗಿನ ಜಂಬವನ್ನು ನಗೆಯಿಂದಲೇ ತೋರಿಸಿದರು.

ಒಬ್ಬರೇ ಇಡೀ ನಾಟಕವಾದವರು

ಕೈಲಾಸಂ ಮೇಜಿನ ಮುಂದೆ ಕುಳಿತು ಹಾಳೆ ತುಂಬಿಸುವ ಲೇಖಕರಾಗಿರಲಿಲ್ಲ. ಅವರ ನಾಟಕಗಳು ಮೊದಲು ಹುಟ್ಟಿದ್ದು ಬಾಯಲ್ಲಿ. ಗೆಳೆಯರ ನಡುವೆ ಕುಳಿತು ಎಲ್ಲ ಪಾತ್ರಗಳನ್ನೂ ತಾವೇ ಆಡಿ ತೋರಿಸುತ್ತಿದ್ದರು. ಗಂಡನ ಗದರಿಕೆ, ಹೆಂಡತಿಯ ಕೊಂಕು, ಮುದುಕಿಯ ಗೊಣಗಾಟ, ಹುಡುಗನ ತುಂಟತನ ಎಲ್ಲವೂ ಒಂದೇ ಕಂಠದಿಂದ ಹೊಮ್ಮುತ್ತಿದ್ದವು. ಕೇಳಿದವರು ಬರೆದುಕೊಂಡದ್ದರಿಂದ, ಅವರು ಹೇಳಿ ಬರೆಸಿದ್ದರಿಂದ ಅನೇಕ ನಾಟಕಗಳು ನಮಗೆ ಉಳಿದು ಬಂದಿವೆ. ನಟನಾಗಿ ರಂಗದ ಮೇಲೆ ನಿಂತಾಗಲೂ, ಮಿತ್ರರ ಕೂಟದಲ್ಲಿ ಕುಳಿತಾಗಲೂ ಅವರ ಮುಖ್ಯ ಸಾಧನ ಮಾತಿನ ಧಾಟಿಯೇ. ಬರೆದ ಅಕ್ಷರಕ್ಕಿಂತ ಆಡಿದ ಧ್ವನಿಗೆ ಅವರು ನೀಡಿದ ಪ್ರಾಧಾನ್ಯಕ್ಕೆ ಈ ಅಭ್ಯಾಸವೂ ಒಂದು ಕಾರಣ.

ಅವರ ಬದುಕಿನಲ್ಲಿ ಶಿಸ್ತು ಕಡಿಮೆಯಿತ್ತು, ಹಣ ನಿಲ್ಲುತ್ತಿರಲಿಲ್ಲ, ಆರೋಗ್ಯದ ಕಡೆ ಲಕ್ಷ್ಯವಿರಲಿಲ್ಲ. ಅದೇ ಕಾಲದಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಡ್‌ವೇ ಬೀದಿಯ ರಂಗಮಂದಿರಗಳಲ್ಲಿ ನಾಟಕಕಾರನೂ ನಟನೂ ಆಗಿ ಮೆರೆದ ಜಾರ್ಜ್ ಎಂ. ಕೋಹನ್ ಅವರನ್ನು ಇಲ್ಲಿ ನೆನೆಯಬಹುದು. 1878ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಕೋಹನ್ ಬಾಲ್ಯದಿಂದಲೇ ಮನೆಯವರ ತಂಡದಲ್ಲಿ ಕುಣಿದು ಹಾಡಿ ಬೆಳೆದವರು. 1904ರ ‘ಲಿಟ್ಲ್ ಜಾನಿ ಜೋನ್ಸ್’ ಸಂಗೀತ ನಾಟಕವನ್ನು ಅವರೇ ಬರೆದು, ಹಾಡು ಕಟ್ಟಿ, ಮುಖ್ಯಪಾತ್ರವನ್ನೂ ವಹಿಸಿದರು. ಅಮೆರಿಕದ ಬೀದಿಯ ಚುರುಕು ಮಾತನ್ನು ರಂಗಕ್ಕೆ ತಂದ ಅವರ ಪ್ರತಿಮೆ ಇಂದಿಗೂ ಬ್ರಾಡ್‌ವೇಯಲ್ಲಿ ನಿಂತಿದೆ. ಅವರ ಬೆನ್ನಿಗೆ ಹಣ ಕೊಟ್ಟು ನೋಡುವ ಮಹಾನಗರವಿತ್ತು, ಹಾಡುಗಳನ್ನು ಅಚ್ಚುಹಾಕಿ ಮಾರುವ ಉದ್ಯಮವಿತ್ತು. ಕೈಲಾಸಂ ಅವರಿಗಿದ್ದದ್ದು ಗೆಳೆಯರ ಕಿವಿ ಮತ್ತು ಹವ್ಯಾಸಿಗಳ ಉತ್ಸಾಹ. ಅಷ್ಟರಲ್ಲೇ ಅವರು ಒಂದು ಭಾಷೆಯ ನಾಟಕದ ದಿಕ್ಕನ್ನು ಬದಲಿಸಿದರು.

ಹಾಡುಗಳಲ್ಲಿಯೂ ಅವರು ಪರದೇಶದ ಸರಕನ್ನು ಮನೆಯದನ್ನಾಗಿ ಮಾಡಿಕೊಂಡರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರು ಹಾಡುತ್ತಿದ್ದ ಟಿಪ್ಪರರಿ ಎಂಬ ಐರಿಷ್ ಊರಿನ ಹಾಡು ಕೈಲಾಸಂ ಅವರ ಕೈಯಲ್ಲಿ ತಿಪ್ಪಾರಳ್ಳಿಯ ಹಾಡಾಯಿತು. ಇಂಗ್ಲಿಷಿನಲ್ಲಿ ಕಾನ್‌ಸ್ಟಾಂಟಿನೋಪಲ್ ಎಂಬ ಉದ್ದ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಹಾಡಿನ ಮಟ್ಟಿನಲ್ಲಿ ‘ಕೋಳೀಕೆ ರಂಗ’ ಹುಟ್ಟಿತು. ಕನ್ನಡದ ಕಾಗುಣಿತವನ್ನೇ ಆಟವಾಗಿಸಿದ ಆ ಹಾಡನ್ನು ಶಾಲೆಯ ಮಕ್ಕಳು ಇಂದಿಗೂ ನಕ್ಕು ಹಾಡಬಲ್ಲರು. ಅನ್ಯಭಾಷೆಯಿಂದ ಬಂದುದನ್ನು ಹೆದರದೆ ತೆಗೆದುಕೊಂಡು ತನ್ನ ಭಾಷೆಯ ಬಟ್ಟೆ ತೊಡಿಸುವ ಧೈರ್ಯ ಅದರಲ್ಲಿದೆ.

ಏಕಲವ್ಯನಿಗೆ ಬಿಲ್ಲು ಏಕೆ ಬೇಕಿತ್ತು?

ಕೈಲಾಸಂ ಇಂಗ್ಲಿಷಿನಲ್ಲಿಯೂ ನಾಟಕಗಳನ್ನು ರಚಿಸಿದರು. ‘ದಿ ಬರ್ಡನ್’, ‘ಫುಲ್‌ಫಿಲ್‌ಮೆಂಟ್’, ‘ದಿ ಪರ್ಪಸ್’, ‘ಕರ್ಣ’ ಇವುಗಳಲ್ಲಿ ಮುಖ್ಯವಾದವು. ಆಶ್ಚರ್ಯವೆಂದರೆ ಅವರ ಕನ್ನಡ ನಾಟಕಗಳಲ್ಲಿ ಕಾಣದ ಪುರಾಣಪುರುಷರೆಲ್ಲ ಇಲ್ಲಿದ್ದಾರೆ. ನಡುಮನೆಯ ಕಥೆಗೆ ಮನೆಯ ಕನ್ನಡ, ಪುರಾಣದ ಕಥೆಗೆ ಎತ್ತರದ ಇಂಗ್ಲಿಷು ಎಂಬ ವಿಂಗಡಣೆಯನ್ನು ಅವರು ಮಾಡಿಕೊಂಡರು. ಪಂಪ, ಕುಮಾರವ್ಯಾಸರ ಭಾಷೆಗೆ ಭಾರತದ ಕಥೆಯನ್ನು ಹೊರುವ ಶಕ್ತಿಯಿಲ್ಲವೆನ್ನಲು ಸಾಧ್ಯವಿಲ್ಲವಾದುದರಿಂದ ಕನ್ನಡ ಓದುಗರಿಗೆ ಈ ಆಯ್ಕೆ ಕೊಂಚ ನೋವು ತರುತ್ತದೆ. ಆದರೂ ಆ ನಾಟಕಗಳ ಒಳಗಿನ ಪ್ರಶ್ನೆ ‘ಟೊಳ್ಳುಗಟ್ಟಿ’ಯ ಪ್ರಶ್ನೆಯೇ.

‘ದಿ ಪರ್ಪಸ್’ ನಾಟಕದಲ್ಲಿ ಅರ್ಜುನನೂ ಏಕಲವ್ಯನೂ ಬಿಲ್ವಿದ್ಯೆಯನ್ನು ಕಲಿಯಲು ದ್ರೋಣರ ಬಳಿಗೆ ಬರುತ್ತಾರೆ. ಅರ್ಜುನನಿಗೆ ಲೋಕದಲ್ಲೇ ಮೊದಲ ಬಿಲ್ಲಾಳಾಗುವ ಬಯಕೆ. ಏಕಲವ್ಯನಿಗೆ ಬೇರೆಯೇ ಕಾರಣವಿದೆ: ಅವನ ಕಾಡಿನಲ್ಲಿ ಜಿಂಕೆಮರಿಗಳನ್ನು ತೋಳಗಳು ಕೊಲ್ಲುತ್ತಿವೆ; ಅವುಗಳನ್ನು ಉಳಿಸಲು ಅವನಿಗೆ ವಿದ್ಯೆ ಬೇಕು. ಇಬ್ಬರ ಗುರಿಯೂ ಒಂದೇ ಕಲೆಯಾದರೂ ಕಲಿಯುವ ಕಾರಣ ಬೇರೆ. ತನಗಾಗಿ ಕಲಿಯುವವನ ವಿದ್ಯೆ, ಪರರಿಗಾಗಿ ಕಲಿಯುವವನ ವಿದ್ಯೆ ಎರಡನ್ನೂ ಕೈಲಾಸಂ ತಕ್ಕಡಿಯಲ್ಲಿಟ್ಟರು. ಪುಟ್ಟು ಮತ್ತು ಮಾಧು ಇಲ್ಲಿ ಬಿಲ್ಲು ಹಿಡಿದು ಮತ್ತೆ ಬಂದಿದ್ದಾರೆ. ಬೆರಳು ಕಳೆದುಕೊಂಡವನ ಕಡೆಗೇ ನಾಟಕಕಾರರ ಮನಸ್ಸು ವಾಲುತ್ತದೆ.

ಕೈಲಾಸಂ ಅವರ ಮಿತಿಗಳನ್ನು ಕಾಣದೆ ಅವರನ್ನು ಹೊಗಳಿದರೆ ನ್ಯಾಯವಾಗದು. ಅವರ ಕನ್ನಡ ನಾಟಕಗಳ ಲೋಕ ಬಹುಮಟ್ಟಿಗೆ ಹಳೆಯ ಮೈಸೂರಿನ ಮಧ್ಯಮ ವರ್ಗದ ಬ್ರಾಹ್ಮಣ ಮನೆಗಳದು. ಹೊಲದಲ್ಲಿ ದುಡಿಯುವವನ ಮಾತು, ಸಂತೆಯಲ್ಲಿ ಸೊಪ್ಪು ಮಾರುವವಳ ಮಾತು ಅಲ್ಲಿ ಕೇಂದ್ರಕ್ಕೆ ಬರಲಿಲ್ಲ. ಅವರು ತೆರೆದ ಬಾಗಿಲಿನಿಂದ ಬೇರೆ ಬೇರೆ ಸೀಮೆಗಳ, ಬೇರೆ ಬೇರೆ ಜನರ ಕನ್ನಡ ರಂಗಕ್ಕೆ ಬಂದದ್ದು ಅವರ ನಂತರದ ತಲೆಮಾರುಗಳಲ್ಲಿ.

ಮದರಾಸಿನ ಗೌರವ, ಹೊಸೂರಿಗೆ ಉಳಿದದ್ದು

1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಮದರಾಸಿನಲ್ಲಿ. ಅದರ ಅಧ್ಯಕ್ಷಪೀಠದಲ್ಲಿ ಕುಳಿತವರು ಕೈಲಾಸಂ. ತಮಿಳು ಮನೆಮಾತಿನ ವ್ಯಕ್ತಿಯೊಬ್ಬರು ತಮಿಳುನಾಡಿನ ರಾಜಧಾನಿಯಲ್ಲಿ ಕನ್ನಡಿಗರ ಅತ್ಯುನ್ನತ ಸಾಹಿತ್ಯಗೌರವವನ್ನು ಸ್ವೀಕರಿಸಿದ ಆ ಘಟನೆ ಗಡಿಯ ಕನ್ನಡಿಗರು ಮಕ್ಕಳಿಗೆ ಹೇಳಿಕೊಡಬೇಕಾದದ್ದು. ಮರುವರ್ಷವೇ, 1946ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಅವರ ನಾಟಕಗಳು ಮಾತ್ರ ಹವ್ಯಾಸಿ ತಂಡಗಳಲ್ಲಿ, ಕಾಲೇಜುಗಳಲ್ಲಿ ಉಳಿದುಕೊಂಡವು. ನಟ ಸಿ. ಆರ್. ಸಿಂಹ ಅವರು ‘ಟಿಪಿಕಲ್ ಟಿ. ಪಿ. ಕೈಲಾಸಂ’ ಎಂಬ ಏಕವ್ಯಕ್ತಿ ಪ್ರಯೋಗದಲ್ಲಿ ಕೈಲಾಸಂ ಪಾತ್ರವನ್ನೇ ಧರಿಸಿ, ಅವರನ್ನು ಕಂಡಿರದ ತಲೆಮಾರಿಗೆ ಪರಿಚಯಿಸಿದರು.

ಕೈಲಾಸಂ ಒಬ್ಬರೇ ಹೀಗೆ ಬಂದವರಲ್ಲ. ಹೊಸೂರಿಗೆ ನೆರೆಯಾದ ಮಾಲೂರು ಸೀಮೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್, ಮೇಲುಕೋಟೆಯ ಪು. ತಿ. ನರಸಿಂಹಾಚಾರ್ ಇವರ ಮನೆಮಾತೂ ತಮಿಳೇ. ದೂರದ ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಕನ್ನಡವನ್ನು ಬೆಳೆಸಿದವರ ಪಟ್ಟಿಯಿಂದ ಇಂಥವರನ್ನು ತೆಗೆದರೆ ಉಳಿಯುವ ಸಾಹಿತ್ಯ ಬಹಳ ಬಡವಾದೀತು. ಒಂದು ಭಾಷೆ ಅದನ್ನು ಪ್ರೀತಿಯಿಂದ ಆಡುವ ಎಲ್ಲರಿಗೂ ಸೇರಿದ್ದು. ಕನ್ನಡ ಶಾಲೆಯಲ್ಲಿ ತೆಲುಗು ಅಥವಾ ಉರ್ದು ಮನೆಮಾತಿನ ಮಗು ಕುಳಿತಿದ್ದರೆ ಅದೂ ಈ ಪರಂಪರೆಯ ಹಕ್ಕುದಾರನೇ.

ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆಗಳ ಕನ್ನಡ ಶಾಲೆಯ ಕುಟುಂಬಗಳಿಗೆ ಇಂದು ಈ ಕಥೆ ದೂರದ್ದಲ್ಲ. 2006ರ ತಮಿಳು ಕಲಿಕಾ ಕಾಯಿದೆಯ ನಂತರ ರಾಜ್ಯದ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ಒಂದೆಡೆ ತಮಿಳು, ಇನ್ನೊಂದೆಡೆ ಉದ್ಯೋಗದ ಇಂಗ್ಲಿಷು. ನಡುವೆ ಕನ್ನಡದಿಂದ ಮಗುವಿಗೆ ಪ್ರಯೋಜನವೇನೆಂಬ ಪ್ರಶ್ನೆ ಪ್ರತಿ ಜೂನ್ ತಿಂಗಳು ಮನೆಮನೆಯಲ್ಲಿ ಏಳುತ್ತದೆ. ಕೈಲಾಸಂ ಅವರ ಬದುಕು ಆ ಪ್ರಶ್ನೆಗೆ ಸುಲಭದ ಉತ್ತರ ಕೊಡುವುದಿಲ್ಲ. ಆದರೆ ತಮಿಳು, ಇಂಗ್ಲಿಷು, ಕನ್ನಡ ಮೂರೂ ಒಂದೇ ತಲೆಯಲ್ಲಿ ಜಗಳವಾಡದೆ ಇರಬಲ್ಲವೆಂದೂ, ಒಂದನ್ನು ಕಲಿಯಲು ಇನ್ನೊಂದನ್ನು ಮನೆಯಿಂದ ಹೊರಹಾಕಬೇಕಾಗಿಲ್ಲವೆಂದೂ ಅದು ತೋರಿಸುತ್ತದೆ.

ಶಾಲೆಗಳು ಮಾಡಬಹುದಾದ ಕೆಲಸವೊಂದಿದೆ. ಭಾರತದ ಕಾಯಿದೆಯಂತೆ ಲೇಖಕರು ತೀರಿಕೊಂಡ 60 ವರ್ಷಗಳ ಮೇಲೆ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಹಕ್ಕು ಸಾರ್ವಜನಿಕರದಾಗುತ್ತದೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಾದುದರಿಂದ ‘ಟೊಳ್ಳುಗಟ್ಟಿ’ಯನ್ನು ಆಡಲು 2007ರಿಂದ ಯಾರ ಅಪ್ಪಣೆಯೂ ಬೇಕಾಗಿಲ್ಲ, ಹಣವನ್ನೂ ತೆರಬೇಕಾಗಿಲ್ಲ. ಇಂಥ ನಾಟಕಕ್ಕೆ ಕಿರೀಟ ಬೇಡ, ಬಣ್ಣದ ಪರದೆ ಬೇಡ, ಧ್ವನಿವರ್ಧಕ ಇಲ್ಲದಿದ್ದರೂ ತರಗತಿಯ ಕೋಣೆಯಲ್ಲಿ ನಡೆದೀತು. ನಡುಮನೆಯಂತೆ ಜೋಡಿಸಿದ ನಾಲ್ಕು ಕುರ್ಚಿ, ಒಂದು ಚಾಪೆ, ಕೆಲವು ದಿನಗಳ ತಾಲೀಮು ಸಾಕು. ಪಾತ್ರಗಳ ಹಳೆಯ ಮೈಸೂರಿನ ಮಾತು ಮಕ್ಕಳ ನಾಲಿಗೆಗೆ ಒಗ್ಗದಿದ್ದರೆ, ಅವೇ ಮಾತುಗಳನ್ನು ತಮ್ಮ ಮನೆಯಲ್ಲಿ ಅಜ್ಜಿ ಹೇಗೆ ಆಡುತ್ತಾಳೆಂದು ಕೇಳಿಕೊಂಡು ಬಂದು ತಿದ್ದಿಕೊಳ್ಳಲಿ. ತೆಲುಗಿನ ಒಂದು ಪದ, ತಮಿಳಿನ ಒಂದು ಪದ ನಡುವೆ ನುಸುಳಿದರೆ ನುಸುಳಲಿ. ಗಡಿಯ ಕನ್ನಡದ ಚಹರೆಯೇ ಅದು.

ಹಾಗೆ ಮಾಡಿದಾಗ ಮಕ್ಕಳಿಗೆ ಎರಡು ವಿಷಯಗಳು ಒಟ್ಟಿಗೆ ತಿಳಿಯುತ್ತವೆ. ಮನೆಯಲ್ಲಿ ಆಡುವ ಮಾತು ವೇದಿಕೆಯ ಮೇಲೂ ತಲೆಯೆತ್ತಿ ನಿಲ್ಲಬಲ್ಲದು ಎಂಬುದು ಒಂದು. ಪರೀಕ್ಷೆಯ ಅಂಕಪಟ್ಟಿಯಲ್ಲಿ ಕಾಣದ ಗುಣಗಳೂ ಮನುಷ್ಯನಿಗಿರುತ್ತವೆ ಎಂಬುದು ಇನ್ನೊಂದು. ಮುಂದಿನ ಸಾಲಿನಲ್ಲಿ ಕುಳಿತು ನೋಡುವ ತಂದೆತಾಯಿಯರಿಗೂ ಅದು ಉಪಯೋಗಕ್ಕೆ ಬರಬಹುದು. ಹಿರಿಯಣ್ಣಯ್ಯನಿಗೆ ತನ್ನ ಗಟ್ಟಿ ಮಗನನ್ನು ಗುರುತಿಸಲು ಒಂದು ಇಡೀ ನಾಟಕ ಬೇಕಾಯಿತು. ನೋಡುವವರಿಗೆ ಅಷ್ಟು ಹೊತ್ತು ಬೇಕಾಗಲಾರದು.